ನಾನೇ ಹುಟ್ಟಿಸಿದ ಒಂದು ಸಂಪ್ರದಾಯ

ನನ್ನ ಬಿ.ಪಿ. ಮಾತ್ರೆಗಳು ಇರುವುದು ಒಂದು ಕಪ್ಪು ಬಿಳುಪು ತಗಡಿನ ಡಬ್ಬದಲ್ಲಿ. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದಷ್ಟು ಸಣ್ಣದು. ಅದರ ಮೇಲೆ ಬರೆದದ್ದನ್ನು ಓದಬಲ್ಲವರು ಇಡೀ ಪುತ್ತೂರು ತಾಲೂಕಿನಲ್ಲಿ ಒಬ್ಬರೂ ಇಲ್ಲ. ದಿನಾ ಬೆಳಿಗ್ಗೆ ಮುಚ್ಚಳ ತೆಗೆದಾಗ ಒಂದು ವಾಸನೆ ಬರುತ್ತದೆ. ಎಷ್ಟು ಸಲ ತೊಳೆದು ಬಿಸಿಲಿಗಿಟ್ಟರೂ ಹೋಗುವುದಿಲ್ಲ. ಅದು ಮೂಗಿಗೆ ಬಂದ ಕೂಡಲೇ ನನ್ನ ನಾಲಗೆ ಬಸವನಹುಳುವಿನ ಹಾಗೆ ಒಳಗೆ ಸರಿದುಕೊಳ್ಳುತ್ತದೆ. ಬಿ.ಪಿ. ವಯಸ್ಸಿನಿಂದ ಬಂದದ್ದು ಅಂತ ಡಾಕ್ಟರು ಹೇಳುತ್ತಾರೆ. ಅವರಿಗೆ ಈ ಡಬ್ಬದ ಕಥೆ ಗೊತ್ತಿಲ್ಲ.

"ಆ ದರಿದ್ರ ಡಬ್ಬ ಬಿಸಾಡುದಾ?" ಅಂತ ನನ್ನ ಹೆಂಡತಿ ಸುಮತಿ ಶೆಲ್ಫು ಒರೆಸಿದಾಗಲೆಲ್ಲ ಕೇಳುತ್ತಾಳೆ.

"ಬೇಡ. ಅದು ಸಾಕ್ಷಿ."

"ಎಂತದಕ್ಕೆ ಸಾಕ್ಷಿ? ನಿಮ್ಮನ್ನು ಯಾರು ನಂಬ್ತಾರೆ?"

ಅದೇ ನೋಡಿ ನನ್ನ ಸಂಕಟ. ಜೀವಮಾನದಲ್ಲಿ ನಾನು ಮಾಡಿದ ಅತಿ ದೊಡ್ಡ ಕುಶಾಲು ಯಾವುದು ಅಂತ ಕೇಳಿದರೆ ಹೇಳಲಿಕ್ಕೆ ನನ್ನ ಹತ್ತಿರ ಉತ್ತರ ಉಂಟು. ಕೇಳಿ ನಂಬಲಿಕ್ಕೆ ಒಬ್ಬ ಮನುಷ್ಯ ಇಲ್ಲ.

ನಮ್ಮೂರು ನರಿಮೊಗರಿನಿಂದ ಕಡಬದವರೆಗೆ ಯಾರನ್ನು ಬೇಕಾದರೂ ವಿಚಾರಿಸಿ, ಜೀಪಿನ ಮಾಧವ ಅಂದರೆ ಗೊತ್ತಿಲ್ಲದವರು ಸಿಗಲಿಕ್ಕಿಲ್ಲ. ಮೂವತ್ತು ವರ್ಷ ಆ ದಾರಿಯಲ್ಲಿ ಸರ್ವಿಸ್ ಜೀಪು ಓಡಿಸಿದ್ದೇನೆ. ನನ್ನ ಜೀಪಿನಲ್ಲಿ ನಗದೆ ಇಳಿದವರು ಇಲ್ಲ. ಒಮ್ಮೆ ಘಟ್ಟದ ಮೇಲಿನಿಂದ ವರ್ಗವಾಗಿ ಬಂದ ಅಧಿಕಾರಿಯೊಬ್ಬರು ಎದುರು ಸೀಟಿನಲ್ಲಿ ಕೂತಿದ್ದರು. "ಈ ಸೇತುವೆ ದಾಟುವಾಗ ನಮ್ಮಲ್ಲಿ ಚಪ್ಪಲಿ ಕಳಚುವ ಕ್ರಮ ಉಂಟು ಸಾರ್" ಅಂತ ಗಂಭೀರವಾಗಿ ಹೇಳಿದೆ. ಅವರು ಬೂಟಿನ ಲಾಡಿ ಬಿಚ್ಚುವಷ್ಟರಲ್ಲಿ ಹಿಂದೆ ಕೂತಿದ್ದ ಹದಿಮೂರು ಜನರೂ ತುಟಿ ಪಿಟಕ್ಕೆನ್ನದೆ ಚಪ್ಪಲಿ ಕಳಚಿ ಮಡಿಲಲ್ಲಿ ಇಟ್ಟುಕೊಂಡರು! ಯಾರೂ ಯಾರಿಗೂ ಕಣ್ಣು ಹೊಡೆಯಲಿಲ್ಲ. ಅಂಥ ಊರು ನಮ್ಮದು, ಅಂಥ ಜನ. ಅವತ್ತು ನನಗೆ ಹೆಮ್ಮೆಯಿಂದ ಎದೆ ಉಬ್ಬಿತ್ತು. ಇದೇ ಜನ ಒಂದು ದಿನ ನನ್ನ ಮೇಲೆಯೇ ತಿರುಗಿಬೀಳುತ್ತಾರೆ ಅಂತ ಹೊಳೆದಿರಲಿಲ್ಲ.

ಎರಡು ವರ್ಷದ ಹಿಂದಿನ ಮಾತು. ನಮ್ಮ ಮನೆಯಿಂದ ಕೂಗಳತೆಯಲ್ಲಿ ವಿಶೇಷ ಮಕ್ಕಳ ಶಾಲೆಯೊಂದು ಉಂಟು. ಅಲ್ಲಿಯ ವಿನುತಾ ಟೀಚರು ಒಂದು ಸಂಜೆ ಸ್ಕೂಟರಿನಲ್ಲಿ ಬಂದರು. ಫಿನ್‌ಲ್ಯಾಂಡಿನಿಂದ ಒಬ್ಬಳು ಹುಡುಗಿ ಸ್ವಯಂಸೇವಕಿಯಾಗಿ ಆರು ತಿಂಗಳಿಗೆ ಬರುತ್ತಿದ್ದಾಳೆ, ಇಟ್ಟುಕೊಳ್ಳುತ್ತೀರಾ ಅಂತ ಕೇಳಿದರು. ಸುಮತಿ ಬಾಯಿ ತೆರೆಯುವ ಮೊದಲೇ ನಾನು ಒಪ್ಪಿಬಿಟ್ಟೆ. ನಮ್ಮ ಮನೆಗೆ ಫಾರಿನ್‌ನವರು ಬರುತ್ತಾರೆ ಅಂತ ಕತ್ತಲಾಗುವ ಮೊದಲು ಪೇಟೆಯ ಮೂರು ಅಂಗಡಿಯಲ್ಲಿ ಹೇಳಿಯೂ ಆಯಿತು.

"ಒಂದು ವಿಷಯ ಉಂಟು ಮಾಧವಣ್ಣ," ಅಂದರು ಟೀಚರು. "ಹತ್ತನೇ ದಿನ ಅವಳನ್ನು ಕಳಿಸುವ ಸಂಸ್ಥೆಯ ಮೇಡಂ ಮಂಗಳೂರಿಂದ ಬಂದು ಅವಳಿಗೊಂದು ಫಾರ್ಮ್ ಕೊಡ್ತಾರೆ. ಉಳಿತೇನೆ, ಹೋಗ್ತೇನೆ, ಯಾವುದಾದ್ರೂ ಒಂದಕ್ಕೆ ಗುರುತು ಹಾಕ್ಬೇಕು. ಹೋದ ವರ್ಷ ಬಂದವ ಹತ್ತನೇ ದಿನವೇ ಹೋಗಿಬಿಟ್ಟ. ನಮ್ಮ ಮಕ್ಕಳು ತಿಂಗಳುಗಟ್ಟಲೆ ಗೇಟಿನ ಹತ್ತಿರ ಹೋಗಿ ನಿಲ್ತಾ ಇದ್ರು. ಈ ಸಲ ಹಾಗೆ ಆಗ್ಬಾರ್ದು."

"ನಾನಿದ್ದೇನಲ್ಲ ಟೀಚರೇ," ಅಂದೆ. ಸುಮತಿ ಯಾಕೋ ನನ್ನನ್ನು ಓರೆಗಣ್ಣಿನಿಂದ ನೋಡಿದಳು.

ಹುಡುಗಿಯ ಹೆಸರು ಹೆಲ್ಮಿ. ಇಪ್ಪತ್ತು ವರ್ಷ. ನಮ್ಮ ಬಾಗಿಲಿಗೆ ತಲೆ ಬಗ್ಗಿಸದೆ ಒಳಗೆ ಬರಲಾಗದಷ್ಟು ಎತ್ತರ. ಸುಮತಿ ಮೊದಲ ಗಂಟೆಯಲ್ಲೇ ಅವಳಿಗೆ ನನ್ನನ್ನು ಅಜ್ಜ ಅಂತ ಕರೆಯಲು ಕಲಿಸಿದಳು. ಅದು ನನಗೆ ಆದ ಮೊದಲನೆಯ ಅನ್ಯಾಯ. ಮನೆಯಲ್ಲಿ ನಾವು ತುಳು ಮಾತಾಡುವುದು, ಅವಳ ಹತ್ತಿರ ಇಂಗ್ಲಿಷು. ಮಂಗಳೂರು ಏರ್‌ಪೋರ್ಟಿಗೆ ಎಷ್ಟೋ ಸಲ ಬಾಡಿಗೆ ಹೋಗಿ ಬಂದವನು, ನನ್ನ ಇಂಗ್ಲಿಷಿಗೆ ಎಂತ ಕಡಿಮೆ? ನಿಮಗೆ ಕಷ್ಟವಾಗಬಾರದು ಅಂತ ಇಲ್ಲಿ ಎಲ್ಲ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಇಂಗ್ಲಿಷು ಗೊತ್ತಿದ್ದು ಏನು ಪ್ರಯೋಜನ? ಹುಡುಗಿ ಮಾತೇ ಆಡುವುದಿಲ್ಲ. ನಾನು ಹತ್ತು ಮಾತು ಆಡಿದರೆ ಅವಳದ್ದು ಒಂದು ತಲೆಯಾಡಿಸುವಿಕೆ. ಮತ್ತೊಂದು ಕಷ್ಟ, ಹೇಳಿದ್ದನ್ನೆಲ್ಲ ನಂಬುವುದು. ನಂಬಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು! ನಮ್ಮ ಕಡೆ ಹಲಸಿನ ಮರಗಳಿಗೂ ಆಧಾರ್ ನಂಬರ್ ಉಂಟು ಅಂತ ಬಂದ ದಿನವೇ ಹೇಳಿದ್ದೆ. ನಗಲಿ ಅಂತ ಹೇಳಿದ್ದು. ಅವಳು ಮರುದಿನ ಪಂಚಾಯತ್ ಕಚೇರಿಯ ಎದುರಿನಿಂದ ಹೋಗುವಾಗ ಒಳಗೆ ನುಗ್ಗಿ ಅದರ ಪಟ್ಟಿ ಕೇಳಿದಳಂತೆ. ಅಲ್ಲಿಯ ಗುಮಾಸ್ತ, ನಮ್ಮೂರಿನವನೇ ಅಲ್ಲವಾ, ಕನ್ನಡಕ ಸರಿಮಾಡಿಕೊಂಡು "ಈ ವರ್ಷದ್ದು ಇನ್ನೂ ಅಪ್‌ಡೇಟ್ ಆಗ್ಲಿಲ್ಲ" ಅಂದನಂತೆ. ಅದನ್ನೂ ಬರೆದುಕೊಂಡು ಬಂದಳು. ಕುಶಾಲು ಮಾಡಿದವನಿಗೆ ಎದುರಿನವರು ಒಂದು ಸಣ್ಣ ನಗೆಯಾದರೂ ಕೊಡಬೇಕು. ಇಲ್ಲದಿದ್ದರೆ ಎರಡೂ ಕೈಯಲ್ಲಿ ಚೆಂಡು ಹಿಡಿದು ಗೋಡೆಯ ಎದುರು ನಿಂತ ಹಾಗೆ ಆಗುತ್ತದೆ.

ಬಂದ ದಿನ ಅವಳು ಚೀಲದಿಂದ ತೆಗೆದು ಕೊಟ್ಟ ಉಡುಗೊರೆಯೇ ಈ ಡಬ್ಬ. "ನಮ್ಮ ಊರಿನ ವಿಶೇಷ ಮಿಠಾಯಿ. ನಾವು ಸಣ್ಣವರಿರುವಾಗಿನಿಂದ ತಿನ್ನುತ್ತೇವೆ" ಅಂದಳು. ಒಳಗೆ ಹುಣಸೆ ಬೀಜದಷ್ಟು ದೊಡ್ಡ ಕಪ್ಪು ಕಪ್ಪು ತುಂಡುಗಳು. ಅವಳು ಕೈಕಾಲು ತೊಳೆಯಲು ಹೋದಾಗ ಸುಮತಿ ಒಂದನ್ನು ಬಾಯಿಗೆ ಹಾಕಿದಳು. ಮರುಕ್ಷಣ ಹಿತ್ತಿಲ ನಳ್ಳಿಗೆ ಓಡಿದಳು.

"ಎಂತ ಆಯ್ತು?"

"ನವಸಾಗರ!" ಅಂದಳು ಬಾಯಿ ಮುಕ್ಕಳಿಸುತ್ತಾ. "ಅತಿಮಧುರಕ್ಕೆ ನವಸಾಗರ ಹಾಕಿ ಉಂಡೆ ಮಾಡಿದ್ದಾರೆ!"

ನವಸಾಗರ ಅಂದರೆ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ನಾವು ಸಣ್ಣವರಿರುವಾಗ ವರ್ಷಕ್ಕೊಮ್ಮೆ ಕಲಾಯಿಯವರು ಬರುತ್ತಿದ್ದರು. ಅಂಗಳದಲ್ಲಿ ಗುಂಡಿ ತೋಡಿ, ತಿದಿ ಒತ್ತಿ, ಕೆಂಡ ಮಾಡಿ, ತಾಮ್ರದ ಪಾತ್ರೆಗಳನ್ನು ಒಂದೊಂದಾಗಿ ಕಾಯಿಸುತ್ತಿದ್ದರು. ಕಾದ ಪಾತ್ರೆಗೆ ಒಂದು ಚಿಟಿಕೆ ಬಿಳಿ ಹುಡಿ ಹಾಕಿದರೆ ಬುಸ್ಸನೆ ಹೊಗೆ. ಆ ಹೊಗೆಯ ಒಳಗೆ ಬಟ್ಟೆ ಹಾಕಿ ತವರವನ್ನು ಒಂದು ಸುತ್ತು ತಿರುಗಿಸಿದರೆ ಪಾತ್ರೆಯ ಒಳಗೆ ಹುಣ್ಣಿಮೆ! ಆ ಬಿಳಿ ಹುಡಿಯೇ ನವಸಾಗರ. ಗಟ್ಟಿಯ ತುಂಡುಗಳು ಕಲ್ಲುಸಕ್ಕರೆಯ ಹಾಗೆಯೇ ಕಾಣುತ್ತಿದ್ದವು. ನಾನು ಎಂಟು ವರ್ಷದವನಿರುವಾಗ ಒಂದು ತುಂಡನ್ನು ಕಲ್ಲುಸಕ್ಕರೆ ಅಂತ ಹೇಳಿ ನನ್ನ ತಮ್ಮನಿಗೆ ನೆಕ್ಕಿಸಿದ್ದೆ. ಅದು ನನ್ನ ಮೊದಲ ಕುಶಾಲು. ಅವನ ಮುಖ ಹಿಂಡಿದ ಬಟ್ಟೆಯ ಹಾಗೆ ಆಯಿತು. ಅಪ್ಪ ನನ್ನ ಬೆನ್ನಿಗೆ ಬಿಡಿಸಿದ ಬರೆಗಳು ಮಾಯಲು ಒಂದು ವಾರ ಬೇಕಾಯಿತು. ಆದರೂ ಸುಮ್ಮನೆ ಹೇಳಬಾರದು, ಆ ಮುಖಕ್ಕೆ ಅಷ್ಟು ಪೆಟ್ಟು ಹೆಚ್ಚೇನಲ್ಲ.

ಅಂಥದ್ದನ್ನು ತಿಳಿದೂ ತಿಳಿದೂ ನಾನು ಬಾಯಿಗೆ ಹಾಕಿಕೊಳ್ಳುತ್ತೇನಾ? ಅರ್ಧ ಡಬ್ಬವನ್ನು ಬಚ್ಚಲಿನ ಹಿಂದಿನ ಬಾಳೆಯ ಬುಡಕ್ಕೆ ಸುರಿದು ಬಂದೆ. ಮರುದಿನ ಚಹಾ ಕುಡಿಯುವಾಗ ಅವಳು ಹೇಗಿತ್ತು ಅಂತ ಕೇಳಿದ್ದಕ್ಕೆ ಡಬ್ಬ ತೆರೆದು ತೋರಿಸಿ ಹೇಳಿದೆ, "ನೋಡು, ಒಂದೇ ದಿನದಲ್ಲಿ ಅರ್ಧ ಖಾಲಿ. ನನಗೆ ಇದರ ರುಚಿ ಹಿಡಿದುಬಿಟ್ಟಿದೆ!"

ಅವಳ ಮುಖ ಅರಳಿತು. ಅದೇ ಖುಷಿಯಲ್ಲಿ ನೋಟ್‌ಬುಕ್ಕು ತೆರೆದಳು. "ಅಜ್ಜ, ನಾಳೆ ವಿನುತಾ ಟೀಚರ ಜೊತೆ ಮಕ್ಕಳ ಮನೆಗಳಿಗೆ ಹೋಗಬೇಕು. ಬಾಗಿಲಲ್ಲಿ ನಾನು ಏನು ಮಾಡಬೇಕು? ತಪ್ಪು ಮಾಡುತ್ತೇನೆ ಅಂತ ನನಗೆ ಭಯ."

ಉಪವಾಸ ಇದ್ದವನ ಎದುರು ಎಲೆ ಹಾಕಿ ಬಡಿಸಿದ ಹಾಗಾಯಿತು. ನೀವೇ ಹೇಳಿ, ನಾನು ಹೇಗೆ ತಡೆದುಕೊಳ್ಳಲಿ?

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಕೊಡುವುದು ಬೆಲ್ಲ ನೀರು. ಒಂದು ಚೆಂಬು ನೀರು, ತಟ್ಟೆಯಲ್ಲಿ ಒಂದು ತುಂಡು ಬೆಲ್ಲ. ಬಾಯಾರಿಕೆ ತೀರಿದ ಮೇಲೆಯೇ ಮಾತುಕತೆ. ಇಷ್ಟನ್ನು ಹೇಳಿದೆ. ಅಲ್ಲಿಯವರೆಗೆ ಸತ್ಯ. ಮುಂದಿನದು ನನ್ನದು.

"ಆ ಬೆಲ್ಲವನ್ನು ಎರಡು ತುಂಡು ಮಾಡ್ಬೇಕು. ಸಣ್ಣದು ನಿನ್ನ ಬಾಯಿಗೆ. ದೊಡ್ಡದು ಆ ಮನೆಯ ಅತಿ ಹಿರಿಯರ ಬಾಯಿಗೆ, ನಿನ್ನ ಕೈಯಾರೆ. ಆಮೇಲೆಯೇ ಕೂತ್ಕೊಳ್ಳುದು."

"ಬಲಗೈಯಾ, ಎಡಗೈಯಾ?" ಬರೆಯುತ್ತಾ ಕೇಳಿದಳು.

"ಬಲಗೈ. ಎಡಗೈಯಲ್ಲಿ ಕೊಟ್ರೆ ಎರಡು ಮನೆಗೆ ಜಗಳ ಆಗ್ತದೆ."

"ಹಿರಿಯರು ಬೇಡ ಅಂದರೆ?"

"ಬಾಯಿ ತೆರೆಯುವವರೆಗೆ ಅಲ್ಲೇ ನಿಲ್ಲುದು."

ನನ್ನ ಲೆಕ್ಕಾಚಾರ ಇಷ್ಟೇ. ಸಂಜೆ ಅವಳು ಅದನ್ನು ಸುಮತಿಯ ಮೇಲೆ ಅಭ್ಯಾಸ ಮಾಡಬೇಕು, ಸುಮತಿ ಕಕ್ಕಾಬಿಕ್ಕಿಯಾಗಬೇಕು, ನಾವು ಮೂವರೂ ನಗಬೇಕು, ಮುಗಿಯಿತು. ಅಷ್ಟರಲ್ಲಿ ಕಬಕದ ಹಳೆಯ ಗೆಳೆಯನ ಫೋನು ಬಂತು. ಜೀಪು ಸ್ಟಾರ್ಟ್ ಆಗುವುದಿಲ್ಲ, ನೀನೇ ಬರಬೇಕು ಅಂತ. ನನ್ನಂಥ ಜೀಪು ಬಲ್ಲವರು ಈಗ ಎಲ್ಲಿದ್ದಾರೆ? ಹೋದವನು ಅಲ್ಲೇ ಉಳಿದೆ. ಮರುದಿನ ಮಧ್ಯಾಹ್ನ ಮನೆಗೆ ಬರುವಾಗ ವಿನುತಾ ಟೀಚರು ಅಂಗಳದಲ್ಲಿ ಸ್ಕೂಟರಿನಿಂದ ಹೆಲ್ಮಿಯನ್ನು ಇಳಿಸುತ್ತಿದ್ದರು.

"ಮಾಧವಣ್ಣ, ಅವರ ದೇಶದ ಕ್ರಮ ಎಷ್ಟು ಚಂದ ಅಲ್ವಾ!" ಅಂದರು ಟೀಚರು. "ಹೋದ ಮನೆಯಲ್ಲೆಲ್ಲ ಹಿರಿಯರಿಗೆ ಬೆಲ್ಲ ತಿನ್ನಿಸಿದ್ಳು ಮಾರಾಯ್ರೆ. ಅವರ ಕ್ರಮಕ್ಕೆ ನಾವೂ ಮರ್ಯಾದೆ ಕೊಡ್ಬೇಕಲ್ಲ, ಎಲ್ರೂ ವಾಪಸ್ ಅವಳಿಗೂ ತಿನ್ನಿಸಿದ್ರು."

ನನ್ನ ಕಾಲು ಅಲ್ಲೇ ನಿಂತಿತು. ಒಳಗೆ ಹೋದರೆ ಹೆಲ್ಮಿ ನೋಟ್‌ಬುಕ್ಕು ಹಿಡಿದು ಕಾಯುತ್ತಿದ್ದಳು. "ಆರು ಮನೆ. ಆರರಲ್ಲೂ ಸರಿಯಾಯಿತು. ಆದರೆ ಅವರು ವಾಪಸ್ ತಿನ್ನಿಸುತ್ತಾರೆ. ಇದನ್ನು ನೀವು ಹೇಳಲು ಮರೆತಿದ್ದೀರಿ, ಅಜ್ಜ."

ಅರ್ಥವಾಯಿತಲ್ಲ? ಅವಳು ಅದನ್ನು ನಮ್ಮ ಕ್ರಮ ಅಂತ ಮಾಡಿದಳು. ನಮ್ಮವರು ಅದನ್ನು ಅವಳ ಕ್ರಮ ಅಂತ ಒಪ್ಪಿದರು. ಎರಡೂ ಕಡೆಯ ಮರ್ಯಾದೆಯ ನಡುವೆ ನಾನು ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆ.

ಇಡೀ ಊರಿನಲ್ಲಿ ನನ್ನನ್ನು ಕೂಡಲೇ ನಂಬಿದ್ದು ಸುಮತಿ ಒಬ್ಬಳೇ. ನಾನು ಬಾಯಿ ಬಿಡುವ ಮೊದಲೇ ಕೇಳಿದಳು, "ಇದು ನಿಮ್ಮದೇ ಕೆಲಸ ಅಲ್ವಾ?"

"ಒಂದು ಸಣ್ಣ ಕುಶಾಲು..."

"ಹತ್ತನೇ ದಿನ ಶಾಲೆಯಲ್ಲಿ ತಂದೆ ತಾಯಂದಿರ ಸಭೆ ಉಂಟು, ಗೊತ್ತುಂಟಾ? ಫಾರ್ಮ್ ಕೊಡುವ ಮೇಡಮ್ಮೂ ಅವತ್ತೇ ಬರುದು. ನಿಮ್ಮ ದೇಶದ ಕ್ರಮ ಚಂದ ಅಂತ ಎಲ್ರೂ ಅವಳಿಗೆ ಹೇಳ್ತಾರೆ. ಅಷ್ಟು ಜನರ ಎದುರು ಆ ಮಗುವಿಗೆ ಗೊತ್ತಾಗ್ತದೆ, ತನ್ನನ್ನು ಮಂಗ ಮಾಡಿದ್ದು ಅಂತ. ಮತ್ತೆ ಅವಳು ಫಾರ್ಮಿನಲ್ಲಿ ಎಂತ ಬರಿತಾಳೆ? ಅವಳು ಕಣ್ಣೀರು ಹಾಕಿ ಈ ಮನೆಯಿಂದ ಹೋದ್ರೆ ನಾನೂ ಸುಳ್ಯಕ್ಕೆ ತಮ್ಮನ ಮನೆಗೆ ಹೋಗುದೇ. ನೀವು ನಿಮ್ಮ ಕುಶಾಲನ್ನೇ ಬೇಯಿಸಿ ತಿನ್ನಿ."

ಸುಮತಿಯ ಹೆದರಿಕೆಯಲ್ಲಿ ಹುರುಳಿತ್ತು. ಆ ಮೊದಲ ದಿನಗಳಲ್ಲಿ ಹುಡುಗಿಯ ಮುಖ ನೋಡಿದರೆ ಯಾವ ಕ್ಷಣವೂ ಚೀಲ ಕಟ್ಟುವ ಹಾಗೆ ಇತ್ತು. ಎಲ್ಲರೂ ಒಟ್ಟಿಗೆ ಮಾತಾಡುವುದು, ದಾರಿಯಲ್ಲಿ ಹೋಗುವವರೆಲ್ಲ ನಿಲ್ಲಿಸಿ ಊಟ ಆಯಿತಾ ಅಂತ ಕೇಳುವುದು, ಸುಮತಿ ಬೇಡ ಅಂದಷ್ಟೂ ಬಡಿಸುವುದು, ಇವೆಲ್ಲ ಸೇರಿ ಅವಳನ್ನು ಹಣ್ಣು ಮಾಡಿದ್ದವು. ಅವಳಿಗೆ ಸಮಾಧಾನ ಸಿಕ್ಕಿದ್ದು ಒಂದೇ ಜಾಗದಲ್ಲಿ, ನಮ್ಮ ಬಚ್ಚಲಿನಲ್ಲಿ. ಒಲೆಗೆ ಕಟ್ಟಿಗೆ ತುಂಬಿ, ಹಂಡೆಯ ನೀರು ಮರಳಿಸಿ, ಬಾಗಿಲು ಹಾಕಿಕೊಂಡರೆ ಒಂದು ಗಂಟೆ ಹೊರಗೆ ಬರುವುದಿಲ್ಲ. ಮೊದಲ ಸಲ ಸುಮತಿ ಹುಡುಗಿ ಹೊಗೆಯಲ್ಲಿ ಬಿದ್ದಿದ್ದಾಳೆ ಅಂತ ಬೊಬ್ಬೆ ಹೊಡೆದು ಬಾಗಿಲು ಬಡಿದಳು. ಟೊಮೆಟೋದ ಹಾಗೆ ಕೆಂಪಾಗಿ ಹೊರಗೆ ಬಂದವಳು, "ನಮ್ಮಲ್ಲೂ ಹೀಗೇ ಬಿಸಿ ಹಬೆಯಲ್ಲಿ ಕೂರುತ್ತೇವೆ. ಇದು ನನ್ನ ಮನೆಯ ಹಾಗೆ ಉಂಟು" ಅಂದಳು. ಆರು ಸಾವಿರ ಕಿಲೋಮೀಟರ್ ದಾಟಿ ಬಂದದ್ದು ನಮ್ಮ ಬಚ್ಚಲಿನಲ್ಲಿ ಕೂರಲಿಕ್ಕಾ ಅಂತ ನನಗೆ ತಲೆ ಬಿಸಿಯಾಯಿತು.

ಸರಿ, ನಾಲ್ಕನೆಯ ದಿನ ಅವಳನ್ನು ಕೂರಿಸಿ ಒಪ್ಪಿಕೊಂಡೆ. "ನೋಡು ಮಗು, ಬೆಲ್ಲ ಕೊಡುದು ಹೌದು. ಹಿರಿಯರಿಗೆ ತಿನ್ನಿಸುದು ಸುಳ್ಳು. ನಾನೇ ಕಟ್ಟಿದ್ದು. ಇನ್ನು ಮಾಡ್ಬೇಡ."

ಅವಳು ನನ್ನ ಮುಖವನ್ನೇ ನೋಡಿದಳು. ನೋಟ್‌ಬುಕ್ಕು ನೋಡಿದಳು. "ಸರಿ ಅಜ್ಜ" ಅಂದು ಎದ್ದುಹೋದಳು. ನಾನು ಬದುಕಿದೆ ಅಂದುಕೊಂಡೆ. ಮರುದಿನ ಸಂಜೆ ಗೊತ್ತಾಯಿತು, ವಿನುತಾ ಟೀಚರ ಮಾವನಿಗೆ ಮತ್ತೊಮ್ಮೆ ಬೆಲ್ಲ ತಿನ್ನಿಸಿ ಬಂದಿದ್ದಾಳೆ!

ಟೀಚರಿಗೇ ಹೇಳಿ ನೋಡಿದೆ. "ಸಾಕು ಮಾಧವಣ್ಣ," ಅಂದರು. "ಮೊನ್ನೆ ನನ್ನ ಸ್ಕೂಟರಿನ ಟಯರಿಗೆ ಮಜ್ಜಿಗೆ ಉಜ್ಜಿದ್ರೆ ಪಂಚರ್ ಆಗುದಿಲ್ಲ ಅಂತ ಹೇಳಿದವ್ರು ನೀವೇ ಅಲ್ವಾ? ನಾನು ಎರಡು ದಿನ ಉಜ್ಜಿದೆ."

ಉಳಿದದ್ದು ಒಂದೇ ದಾರಿ, ಹಿರಿಯರ ಬಾಯಿಂದಲೇ ಇಲ್ಲ ಅನ್ನಿಸುವುದು. ಟೀಚರ ಮಾವ ಜತ್ತಪ್ಪಣ್ಣ ಸುಳ್ಯದ ಕಡೆಯ ಗೌಡರು, ಎಂಬತ್ತು ದಾಟಿದವರು, ಹಳೆಯ ಕಟ್ಟುಕಟ್ಟಳೆ ಎಲ್ಲ ಬಲ್ಲವರು. ಅವರ ಮನೆಗೆ ಹೋದರೆ ಜಗಲಿಯ ಕುರ್ಚಿಯಲ್ಲಿ ಶರ್ಟು ಹಾಕಿ, ತಲೆ ಬಾಚಿ, ದಾರಿ ನೋಡುತ್ತಾ ಕೂತಿದ್ದರು.

"ಆ ಹುಡುಗಿ ಎಲ್ಲಿ?" ಇದು ಅವರ ಮೊದಲ ಮಾತು.

"ಜತ್ತಪ್ಪಣ್ಣ, ಬೆಲ್ಲ ತಿನ್ನಿಸುವ ಕ್ರಮ ನಮ್ಮಲ್ಲಿ ಉಂಟಾ? ಇಲ್ಲ ಅಂತ ಸೊಸೆಗೆ ಒಂದು ಮಾತು ಹೇಳಿ."

"ಇಲ್ಲ ಅಂತ ಯಾರು ಹೇಳಿದ್ದು? ನಮ್ಮ ಅಜ್ಜಂದಿರ ಕಾಲದಿಂದ ಉಂಟು."

"ಮಾರಾಯ್ರೆ, ಅದು ನಾನು ಮೊನ್ನೆ ಚಹಾ ಕುಡಿಯುವಾಗ ಮಾಡಿದ್ದು!"

"ನೀನು ಹುಟ್ಟುವ ಮೊದಲೇ ಇತ್ತು ಅದು. ನಡುವೆ ಬಿಟ್ಟುಹೋಗಿತ್ತು. ಸಂಕ್ರಾಂತಿಗೆ ಎರಡು ತುಂಡು ಕೊಡ್ಬೇಕು. ಅದು ನಿನಗೆ ಗೊತ್ತುಂಟಾ?"

ಆಗ ನನಗೆ ಹೊಳೆಯಿತು. ಈ ಮನುಷ್ಯನಿಗೆ ಶುಗರು. ಏಳೆಂಟು ವರ್ಷದಿಂದ ಸೊಸೆ ಬೆಲ್ಲದ ಡಬ್ಬಕ್ಕೆ ಬೀಗ ಹಾಕಿದ್ದಾಳೆ. ವಿದೇಶದ ಸಂಪ್ರದಾಯ ಅಂತ ಈಗ ಸಾಸಿವೆಯಷ್ಟು ಬೆಲ್ಲಕ್ಕೆ ಒಪ್ಪಿದ್ದಾಳೆ. ಅಷ್ಟಕ್ಕೆ ಈತ ತನ್ನ ಅಜ್ಜಂದಿರನ್ನೆಲ್ಲ ಸಾಕ್ಷಿಗೆ ಎಬ್ಬಿಸಿ ತರುತ್ತಿದ್ದಾನೆ! ನನ್ನ ಸುಳ್ಳಿಗೆ ನನ್ನ ಎದುರೇ ಇನ್ನೊಬ್ಬ ಬಾಲ ಜೋಡಿಸುವುದನ್ನು ನೋಡುವ ಕಷ್ಟ ಯಾವ ಶತ್ರುವಿಗೂ ಬೇಡ.

ಏಳನೆಯ ದಿನ ನೆಲ್ಯಾಡಿಯ ಕಡೆಗೆ ಹೋ‍ಗಲಿಕ್ಕಿತ್ತು. ರಬ್ಬರ್ ತೋಟದ ನಡುವಿನ ಏರುದಾರಿಗೆ ಸ್ಕೂಟರು ಹತ್ತುವುದಿಲ್ಲ ಅಂತ ನನ್ನ ಜೀಪೇ ಬೇಕಾಯಿತು. ಆ ಮನೆಯ ಏಲಿಯಮ್ಮ ಕೇರಳದಿಂದ ಬಂದು ಕಾಡಿನಂಥ ಜಾಗದಲ್ಲಿ ನೆಲೆ ನಿಂತ ಹೆಂಗಸು. ಈಗ ಕಣ್ಣು ಮಂಜು, ಕಿವಿ ಚುರುಕು. ಮೊಮ್ಮಗಳು ನಮ್ಮ ಶಾಲೆಯ ಹುಡುಗಿ. ನಾನು ಮೊದಲೇ ಇಳಿದು ಓಡಿಹೋಗಿ ಅವರ ಕಿವಿಯಲ್ಲಿ ಹೇಳಿದೆ, "ಏಲಿಯಮ್ಮ, ಆ ಹುಡುಗಿ ಬೆಲ್ಲ ತಿನ್ನಿಸ್ಲಿಕ್ಕೆ ಬರ್ತಾಳೆ. ದಯಮಾಡಿ ಬಾಯಿ ತೆರಿಬೇಡಿ."

"ಎಂತ ಮಾಧವಾ ನೀನು! ದೂರದಿಂದ ಬಂದ ಮೋಳು, ನನ್ನ ಮಗಳ ಹಾಗೆ, ಕೊಡುದನ್ನು ಬೇಡ ಅಂತ ಹೇಳುದಾ? ನಿನಗೆ ತಲೆಗೆ ಸುಖ ಇಲ್ವಾ?"

ಬಾಯಿ ತೆರೆದೇ ತೆರೆದರು. ಬೆಲ್ಲ ತಿಂದರು. ವಾಪಸ್ ತಿನ್ನಿಸಲು ಹುಡುಗಿಯ ಬಾಯಿ ಎಲ್ಲಿ ಅಂತ ಕಾಣದೆ ಕೈಯಿಂದ ಗಲ್ಲ, ಮೂಗು, ಹಣೆ ಎಲ್ಲ ತಡವಿದರು. ಬೆಲ್ಲ ಇಟ್ಟಾದ ಮೇಲೂ ಕೈ ಗಲ್ಲದಲ್ಲೇ ಉಳಿಯಿತು. ಹೆಲ್ಮಿ ಬಗ್ಗಿದವಳು ಬಗ್ಗಿಯೇ ಇದ್ದಳು.

ವಾಪಸ್ ಬರುವಾಗ ಅವಳು ಹೊರಗೆ ಮುಖ ಮಾಡಿ ಕೂತಿದ್ದಳು. ಕನ್ನಡಿಯಲ್ಲಿ ನೋಡಿದೆ, ಕಣ್ಣು ಒರೆಸಿಕೊಳ್ಳುತ್ತಿದ್ದಳು. ಆಗಿಹೋಯಿತು ಅಂದುಕೊಂಡೆ. ಮನೆಯ ನೆನಪು ಬಂದಿದೆ, ಇನ್ನು ಇವಳು ನಿಲ್ಲುವುದಿಲ್ಲ.

ಹತ್ತನೆಯ ದಿನ ಸಭೆ. ಶಾಲೆಯ ಹಾಲ್ ತುಂಬಿತ್ತು. ಏಲಿಯಮ್ಮ, ಜತ್ತಪ್ಪಣ್ಣ ಮುಂದಿನ ಸಾಲಿನಲ್ಲಿ. ಮಂಗಳೂರಿನ ಮೇಡಂ ಫಾರ್ಮು ಮಡಚಿ ಪುಸ್ತಕದ ನಡುವೆ ಇಟ್ಟುಕೊಂಡು ಕೂತಿದ್ದರು. ವಿನುತಾ ಟೀಚರು ಮೈಕು ಹಿಡಿದು ಶುರು ಮಾಡಿದರು, "ನಮ್ಮ ಹೆಲ್ಮಿ ತನ್ನ ದೇಶದಿಂದ ಒಂದು ಚಂದದ ಸಂಪ್ರದಾಯವನ್ನು..." ಸುಮತಿ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಸುಳ್ಯದ ಬಸ್ಸು ಹೊರಟು ನಿಂತಿತ್ತು.

ನಾನು ಎದ್ದು ಹೋಗಿ ಮೈಕು ಕಸಿದುಕೊಂಡೆ. ಜೀವಮಾನದಲ್ಲಿ ಮೊದಲ ಸಲ ಮೈಕಿನಲ್ಲಿ ಪೂರ್ತಿ ಸತ್ಯ ಹೇಳಿದೆ. "ಇದು ಫಿನ್‌ಲ್ಯಾಂಡಿನ ಕ್ರಮ ಅಲ್ಲ. ನಮ್ಮದೂ ಅಲ್ಲ. ಈ ಹುಡುಗಿಗೆ ನಾನು ಸುಳ್ಳು ಹೇಳಿದ್ದು. ಅವಳದ್ದು ಎಂತದ್ದೂ ತಪ್ಪಿಲ್ಲ. ಬೈಯುದಿದ್ರೆ ನನಗೆ ಬೈಯಿರಿ."

ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. "ಮಾಧವಣ್ಣ ಶುರು ಮಾಡಿದ್ರು!" ಅಂತ ಹಿಂದಿನಿಂದ ಯಾರೋ ಕೂಗಿದರು. ಜತ್ತಪ್ಪಣ್ಣ ಕೋಲು ಊರಿ ಎದ್ದು ನಿಂತು, "ಕೂತ್ಕೊ ಮಾರಾಯ, ಹಿರಿಯರ ಕ್ರಮದಲ್ಲಿ ಕುಶಾಲು ಮಾಡ್ಬೇಡ" ಅಂತ ನನಗೇ ಗದರಿಸಿದರು. ಮಂಗಳೂರಿನ ಮೇಡಂ ಕೂಡ ಕಣ್ಣೊರೆಸಿಕೊಂಡು ನಗುತ್ತಿದ್ದರು. ನನಗೆ ಅಳು ಬರುವುದೊಂದು ಬಾಕಿ.

ಆಗ ಹೆಲ್ಮಿ ತಟ್ಟೆ ಹಿಡಿದು ಎದ್ದು ಬಂದಳು. ತಟ್ಟೆಯಲ್ಲಿ ಒಂದು ಕಪ್ಪು ತುಂಡು, ತಾಳೆಯ ಓಲೆಬೆಲ್ಲದ ಚೂರು. ಏಲಿಯಮ್ಮನನ್ನು ದಾಟಿದಳು. ಜತ್ತಪ್ಪಣ್ಣ ಬಾಯಿ ತೆರೆದೇ ಕೂತಿದ್ದರು, ಅವರನ್ನೂ ದಾಟಿದಳು. ನನ್ನ ಎದುರು ನಿಂತು, "ಇವತ್ತು ಅಜ್ಜನಿಗೆ" ಅಂದಳು.

ಹುಡುಗಿ ನನ್ನನ್ನು ಕ್ಷಮಿಸಿದಳಲ್ಲ ಅಂದುಕೊಂಡೆ. ಬಾಯಿಯನ್ನು ಎಷ್ಟು ದೊಡ್ಡದಾಗಿ ತೆರೆಯಬಹುದೋ ಅಷ್ಟು ತೆರೆದೆ.

ನವಸಾಗರ!

ಮಾರಾಯ್ರೆ, ಅದನ್ನು ಹೇಗೆ ವರ್ಣಿಸಲಿ? ನಾಲಗೆಗೆ ಕಲಾಯಿ ಹಾಕಿದ ಹಾಗೆ. ಮೊದಲು ಉಪ್ಪು, ಆಮೇಲೆ ಹೊಗೆ, ಅದರ ಹಿಂದೆ ಎಲ್ಲೋ ದೂರದಲ್ಲಿ ಕಷಾಯದಂಥ ಒಂದು ಸಿಹಿ. ಉಗುಳೋಣ ಅಂದರೆ ಎದುರು ಇಡೀ ಸಭೆ, ಕೈಯಲ್ಲಿ ಮೈಕು. ನುಂಗೋಣ ಅಂದರೆ ಗಂಟಲು ಗೇಟು ಹಾಕಿತ್ತು. ಅರುವತ್ತು ವರ್ಷದ ಹಿಂದೆ ನನ್ನ ತಮ್ಮ ಮಾಡಿದ ಮುಖವನ್ನೇ ನಾನೂ ಮಾಡಿರಬೇಕು. ಸುಮತಿ ಸೆರಗನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು.

ಹೆಲ್ಮಿ ನನ್ನ ಕೈಯಿಂದ ಮೈಕು ತೆಗೆದುಕೊಂಡಳು. ಕಲಿತಷ್ಟು ಕನ್ನಡದಲ್ಲಿ ನಿಧಾನಕ್ಕೆ ಹೇಳಿದಳು. "ಅಜ್ಜ ಹೇಳಿದ್ದು ನಿಜ. ಇದು ನಮ್ಮ ಕ್ರಮ ಅಲ್ಲ. ಇದು ನಮ್ಮ ಮಿಠಾಯಿ. ಅಜ್ಜನಿಗೆ ತುಂಬ ಇಷ್ಟ. ಅರ್ಧ ಡಬ್ಬ ತಿಂದಿದ್ದಾರೆ."

ಜನ ಅವಳನ್ನಾದರೂ ನಂಬಿದರಾ? "ಹತ್ತೇ ದಿನದಲ್ಲಿ ಮಾಧವಣ್ಣನ ಶಿಷ್ಯೆ ಆಗಿಬಿಟ್ಳು!" ಅಂತ ಚಪ್ಪಾಳೆ ತಟ್ಟಿದರು. ಆ ಗಲಾಟೆಯ ನಡುವೆಯೇ ಮೇಡಂ ಫಾರ್ಮು ಬಿಡಿಸಿದರು. ಹೆಲ್ಮಿ ಅದನ್ನು ಏಲಿಯಮ್ಮನ ಕುರ್ಚಿಯ ಕೈಯ ಮೇಲೆ ಇಟ್ಟು ಒಂದು ಗುರುತು ಹಾಕಿ ಕೊಟ್ಟಳು. ಮೇಡಂ ನೋಡಿ ವಿನುತಾ ಟೀಚರಿಗೆ ತೋರಿಸಿದರು. ಟೀಚರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಬೆರಳುಗಳ ಸಂದಿನಿಂದ ನನ್ನನ್ನು ನೋಡಿ ನಕ್ಕರು. ನನಗೆ ಕೇಳಲಿಕ್ಕೆ ಬಾಯಿ ಇರಲಿಲ್ಲ, ಅಷ್ಟರಿಂದಲೇ ಗೊತ್ತಾಯಿತು.

ಮನೆಗೆ ನಡೆದು ಬರುವಾಗ ನಾಲಗೆ ಸ್ವಲ್ಪ ಸ್ವಾಧೀನಕ್ಕೆ ಬಂತು. ಕೇಳಿದೆ, "ನಾನು ಹೇಳಿದ್ದನ್ನು ನೀನು ಯಾವಾಗ ನಂಬಿದೆ?"

"ನೀವು ಹೇಳಿದ ದಿನವೇ."

"ಮತ್ತೆ ಯಾಕೆ ನಿಲ್ಲಿಸ್ಲಿಲ್ಲ?"

"ಮರುದಿನ ಜತ್ತಪ್ಪಜ್ಜನ ಮನೆಗೆ ಹೋದೆ. ಸುಮ್ಮನೆ ಕೂತೆ. ಅವರು ಬಾಯಿ ತೆರೆದು ಕಾಯುತ್ತಿದ್ದರು." ಆಮೇಲೆ ಹೇಳಿದಳು, "ನನ್ನ ದೇಶದಲ್ಲೂ, ಯಾರ ಮನೆಯ ಬಾಗಿಲಿಗೆ ಹೋದರೂ ನನಗೆ ಕೈ ಎಲ್ಲಿ ಇಡಬೇಕು ಅಂತ ಗೊತ್ತಾಗುವುದಿಲ್ಲ ಅಜ್ಜ. ಇಲ್ಲಿ ಗೊತ್ತಾಯಿತು."

ಮಾತು ತಿರುಗಿಸಲಿಕ್ಕೆ, "ಮಿಠಾಯಿಯ ವಿಷಯ ನಿನಗೆ ಯಾರು ಹೇಳಿದ್ದು?" ಅಂತ ಕೇಳಿದೆ.

"ಬಾಳೆಯ ಬುಡದಲ್ಲಿ ನೋಡಿದೆ. ಇರುವೆ ಕೂಡ ಮುಟ್ಟಿರಲಿಲ್ಲ."

ಆರು ತಿಂಗಳು ಮುಗಿಸಿ ಹೊರಡುವಾಗ ಈ ಖಾಲಿ ಡಬ್ಬವನ್ನು ನನ್ನ ಕೈಯಲ್ಲಿ ಇಟ್ಟು ಹೋದಳು. ಉಳಿದದ್ದನ್ನು ಅವಳೇ ತಿಂದು ಮುಗಿಸಿದ್ದಳು, ದಿನಕ್ಕೊಂದರ ಹಾಗೆ, ನನ್ನ ಎದುರೇ ಚಪ್ಪರಿಸಿ ಚಪ್ಪರಿಸಿ.

ಹೋದ ತಿಂಗಳು ಕಡಬದಲ್ಲಿ ಒಂದು ಹೊಸ ಮನೆಯ ಒಕ್ಕಲಿಗೆ, ಗೃಹಪ್ರವೇಶಕ್ಕೆ, ಹೋಗಿದ್ದೆ. ನನಗೆ ಪರಿಚಯ ಇದ್ದದ್ದು ಮನೆಯ ಯಜಮಾನ ಒಬ್ಬನೇ. ಬಾಗಿಲಲ್ಲಿ ಅವನ ಸೊಸೆ, ಎಲ್ಲೋ ದೂರದಿಂದ ಮದುವೆಯಾಗಿ ಬಂದವಳು, ತಟ್ಟೆ ಹಿಡಿದು ನಿಂತಿದ್ದಳು. ಬೆಲ್ಲವನ್ನು ಎರಡು ತುಂಡು ಮಾಡಿ, ಸಣ್ಣದನ್ನು ತಾನು ಬಾಯಿಗೆ ಹಾಕಿಕೊಂಡು, ದೊಡ್ಡದನ್ನು ನನ್ನ ಕಡೆಗೆ ಚಾಚಿದಳು.

"ಬಾಯಿ ತೆರೀರಿ ಅಜ್ಜ. ಬಂದವರಲ್ಲಿ ನೀವೇ ದೊಡ್ಡವ್ರು."

ನನಗೆ ಉಕ್ಕಿ ಬಂತು. "ಅಮ್ಮಾ, ಇದನ್ನು ಮಾಡಿದ್ದು ಯಾರು ಗೊತ್ತುಂಟಾ? ನಾನು! ನಾನೇ! ನರಿಮೊಗರಿನಲ್ಲಿ, ಚಹಾ ಕುಡಿಯುವಾಗ!"

ಅವಳು ಮಾವನ ಮುಖ ನೋಡಿದಳು. ಮಾವ ಮೆಲ್ಲ ತಲೆಯಾಡಿಸಿ, ಜೀಪಿನ ಮಾಧವಣ್ಣ ಇವರೇ ಅಂತ ಕಣ್ಣಿನಲ್ಲೇ ಹೇಳಿದ. ಅವಳು ನಕ್ಕು, ಸಣ್ಣ ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು, "ಇದು ಈ ಊರಿನಲ್ಲಿ ಹಿಂದಿನಿಂದ ಬಂದ ಕ್ರಮ ಅಜ್ಜ. ನಿಮ್ಮ ನರಿಮೊಗರಿನಲ್ಲಿ ಬಿಟ್ಟುಹೋಗಿರಬೇಕು. ಸಂಕ್ರಾಂತಿಗಾದ್ರೆ ಎರಡು ತುಂಡು."

ನನ್ನ ಹಿಂದೆ ಬಾಗಿಲಲ್ಲಿ ಜನ ಸಾಲುಗಟ್ಟಿ ನಿಂತಿದ್ದರು. ನಾನು ಅವಳ ಕೈಯನ್ನು ಹಿಡಿದು ಹತ್ತಿರ ಎಳೆದು, ಆ ತುಂಡನ್ನು ಎರಡು ಸಲ ಚೆನ್ನಾಗಿ ಮೂಸಿ ನೋಡಿ, ಬಾಯಿ ತೆರೆದೆ.